ಕಾರಿನ ಆಯಿಲ್, ಬೈಕಿನ ಕ್ಲಚ್

ನಮ್ಮ ತೋಟದ ಷೆಡ್ಡಿನಲ್ಲಿ ಆಯಿಲ್ ಡಬ್ಬಿಗಳದ್ದೇ ಒಂದು ಸಾಲಿದೆ. ಪಿಕಪ್ಪಿಗೆ 15ಡಬ್ಲ್ಯೂ-40, ಕಳೆ ಕೊಚ್ಚುವ ಮೆಷಿನ್ನಿಗೆ 2ಟಿ, ಮನೆಯ ಕಾರಿಗೆ ಹಾಕಿ ಮಿಕ್ಕ 0ಡಬ್ಲ್ಯೂ-20. ಜುಲೈ ಮಳೆಯಲ್ಲಿ ಮಾದಾಪುರದವರೆಗೆ ಯಾರು ಹೋಗುತ್ತಾರೆ ಎಂಬ ಸೋಮಾರಿತನಕ್ಕೆ, ಕಾರಿನ ಆ ಡಬ್ಬಿಯನ್ನೇ ಡರ್ಟ್ ಬೈಕಿಗೆ ಸುರಿದೆ. ದುಬಾರಿ ಸಿಂಥೆಟಿಕ್, ಬೈಕಿಗೆ ಹಬ್ಬ ಎಂದುಕೊಂಡಿದ್ದೆ.

ಮರುದಿನ ತೋಟದ ಏರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಅರಚುತ್ತದೆ, ಬೈಕು ಮಾತ್ರ ಕಾಲೆಳೆಯುತ್ತದೆ. ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಿದೆಯೇನೋ ಎಂದು ತಿರುಗಿ ನೋಡಿದೆ. ಅದೂ ಇಲ್ಲ. ಜೊತೆಗೆ ಸುಟ್ಟ ವಾಸನೆ. ಮೆಕ್ಯಾನಿಕ್ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಏನು ಹಾಕಿದ್ರಿ ಅಣ್ಣ ಇದಕ್ಕೆ?" ಎಂದ. ಹೇಳಿದೆ. "ಕ್ಲಚ್ಚಿಗೆ ಬೆಣ್ಣೆ ಹಚ್ಚಿದ್ದೀರಿ ಬಿಡಿ" ಎಂದು ನಕ್ಕ.

ಅವನ ಮಾತಿನಲ್ಲಿ ವಿಜ್ಞಾನವೆಲ್ಲ ಅಡಗಿತ್ತು. ಕಾರಿನಲ್ಲಿ ಇಂಜಿನ್ ಆಯಿಲ್ ಇಂಜಿನ್ನಿಗಷ್ಟೇ. ಗೇರ್‌ಬಾಕ್ಸಿಗೆ ಬೇರೆ ಎಣ್ಣೆ, ಸಾಮಾನ್ಯ ಗೇರಿನ ಕಾರಿನ ಕ್ಲಚ್ ಹೊರಗೆ ಒಣಗಿಕೊಂಡೇ ಇರುತ್ತದೆ. ಬಹುಪಾಲು ಫೋರ್‌ಸ್ಟ್ರೋಕ್ ಬೈಕುಗಳಲ್ಲಿ ಹಾಗಲ್ಲ. ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ, ಅದೂ ಒಂದು ಲೀಟರಿನ ಆಸುಪಾಸು. ಕ್ಲಚ್ ಎಂದರೆ ಉಜ್ಜುವ ಪ್ಲೇಟು, ಉಕ್ಕಿನ ಪ್ಲೇಟು ಒಂದಾದ ಮೇಲೊಂದು ಜೋಡಿಸಿ ಸ್ಪ್ರಿಂಗಿನಿಂದ ಅದುಮಿಟ್ಟ ಅಟ್ಟಿ. ಲಿವರ್ ಹಿಡಿದಾಗ ಇವು ಸಡಿಲಾಗಬೇಕು, ಬಿಟ್ಟಾಗ ಎಣ್ಣೆಯಲ್ಲಿ ಮುಳುಗಿದ್ದೂ ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಏರಿನಲ್ಲಿ ಅರ್ಧ ಕ್ಲಚ್ ಹಿಡಿದೇ ಗಾಡಿ ಓಡಿಸುವ ನಮ್ಮ ಕಡೆ ಈ ಪ್ಲೇಟುಗಳ ಪಾಡು ಕೇಳಬೇಡಿ.

ಹಲಸಿನ ಹಣ್ಣು ಬಿಡಿಸುವ ಮೊದಲು ಅಂಟು ಹಿಡಿಯದಿರಲೆಂದು ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ. ಅದೇ ಕೈಯಲ್ಲಿ ಕತ್ತಿಯ ಹಿಡಿ ಹಿಡಿದರೆ ಜಾರುತ್ತದೆ. ಪೆಟ್ರೋಲ್ ಉಳಿಸಲೆಂದು ಕಾರಿನ ತೆಳು ಆಯಿಲಿಗೆ ಮಾಲಿಬ್ಡಿನಮ್‌ನಂಥ ಧಾತುಗಳ ಸಂಯುಕ್ತಗಳನ್ನು ಬೆರೆಸುತ್ತಾರೆ. ಅವು ಲೋಹದ ಮೈಗೆ ಅಂಟಿ ನುಣುಪಾದ ಪದರ ಕಟ್ಟುತ್ತವೆ. ಪಿಸ್ಟನ್ನಿಗೆ ಅದು ವರ, ಕ್ಲಚ್ಚಿಗೆ ಶಾಪ. ಹೊಸ ಪ್ಲೇಟು, ಬಿಗಿ ಸ್ಪ್ರಿಂಗ್ ಇದ್ದರೆ ಸ್ವಲ್ಪ ದಿನ ತಡೆದುಕೊಂಡೀತು. ನನ್ನವು ಮೊದಲೇ ಅರ್ಧ ಸವೆದಿದ್ದವು.

ಕಾರಿನ ಆಯಿಲುಗಳು ಹೀಗೆ ನುಣುಪಾಗುತ್ತ ಹೋದದ್ದರಿಂದ ಬೈಕಿಗೆಂದೇ ಒಂದು ಮಾನದಂಡ ಬೇಕಾಯಿತು. 1998ರಲ್ಲಿ ಜಪಾನಿನವರು ಜಾಸೋ (ಅಲ್ಲಿನ ವಾಹನ ಮಾನದಂಡ ಸಂಸ್ಥೆ) ಹೆಸರಿನಲ್ಲಿ ಟಿ 903 ತಂದರು. ಆಯಿಲಿನಲ್ಲಿ ನೆನೆದ ಕ್ಲಚ್ ಪ್ಲೇಟುಗಳನ್ನು ಉಜ್ಜಿಸಿ ಹಿಡಿತ ಅಳೆಯುವುದೇ ಇದರ ಮುಖ್ಯ ಪರೀಕ್ಷೆ. ಹಿಡಿತ ಹೆಚ್ಚಿದ್ದರೆ ಎಂಎ, ಕಡಿಮೆಯಿದ್ದರೆ ಎಂಬಿ. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣಗಿರುವುದರಿಂದ ಅದಕ್ಕೆ ಎಂಬಿ ಸಾಕು. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಎಂದು ಒಡೆದರು. ಎರಡನೆಯದರ ಹಿಡಿತ ಹೆಚ್ಚು. ಡಬ್ಬಿಯ ಮುಂದೆ ಬೈಕಿನ ಚಿತ್ರ ಎಷ್ಟು ದೊಡ್ಡದಿದೆ ಎನ್ನುವುದಕ್ಕಿಂತ ಹಿಂದಿನ ಈ ಎರಡಕ್ಷರ ಮುಖ್ಯ.

ಗೇರಿನ ಹಲ್ಲುಗಳದ್ದು ಇನ್ನೊಂದು ತಕರಾರು. ಬಿಸಿಯಾದಾಗ ಆಯಿಲ್ ತೀರಾ ನೀರಾಗದಂತೆ ಕಾಯಲು ಅದರಲ್ಲಿ ಉದ್ದನೆಯ ಪಾಲಿಮರ್ ಎಳೆಗಳಿರುತ್ತವೆ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಅವು ತುಂಡಾಗುತ್ತ ಹೋಗುತ್ತವೆ. ಡಬ್ಲ್ಯೂ ಆದಮೇಲೆ 40 ಎಂದು ಬರೆದ ಆಯಿಲಿನ ಮಂದತನ 100 ಡಿಗ್ರಿಯಲ್ಲಿ ಕನಿಷ್ಠ 12.5 ಸೆಂಟಿಸ್ಟೋಕ್ಸ್ ಇರಬೇಕು. ಎಳೆಗಳು ತುಂಡಾದರೆ ಡಬ್ಬಿಯಲ್ಲಿ 40 ಇದ್ದದ್ದು ಬೈಕಿನಲ್ಲಿ 30 ಆಗಿಬಿಡುತ್ತದೆ. ಒಳ್ಳೆಯ ಬೈಕ್ ಆಯಿಲಿನಲ್ಲಿ ಸುಲಭಕ್ಕೆ ತುಂಡಾಗದ ಪಾಲಿಮರ್ ಹಾಕುತ್ತಾರೆ. ಬೆಲೆ ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಆ ಚಿತ್ರವೇ ಇರಬೇಕು ಎಂಬುದು ನನ್ನ ಗುಮಾನಿ.

ಡಬ್ಲ್ಯೂಗೆ ಮೊದಲು ಬರುವ ಅಂಕೆಗೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಚಳಿಯ ಲೆಕ್ಕ. 10ಡಬ್ಲ್ಯೂ ಆಯಿಲಿನ ಪರೀಕ್ಷೆ ನಡೆಯುವುದೇ ಮೈನಸ್ 25 ಡಿಗ್ರಿಯಲ್ಲಿ. ಮಡಿಕೇರಿಯ ಜನವರಿ ಬೆಳಗು ಅದರ ಮುಂದೆ ಏನೂ ಅಲ್ಲ.

ಹಾಗಾದರೆ ಪಿಕಪ್ಪಿನ 15ಡಬ್ಲ್ಯೂ-40? ಡೀಸೆಲ್ ಆಯಿಲುಗಳು ಸಾಮಾನ್ಯವಾಗಿ ಅಷ್ಟು ನುಣುಪಲ್ಲ. ಕೆಲವು ಡಬ್ಬಿಗಳ ಮೇಲೆ ಜಾಸೋ ಎಂಎ ಗುರುತೂ ಇರುತ್ತದೆ. ಗುರುತಿದ್ದು, ಬೈಕಿನ ಪುಸ್ತಕ ಹೇಳುವ ಗ್ರೇಡಿಗೆ ಹೊಂದಿದರೆ ನಾನು ಹಾಕುತ್ತೇನೆ. ಗುರುತಿಲ್ಲದ್ದನ್ನು ಹಾಕುವುದಿಲ್ಲ. ಹಳೆಯ ಟೂಸ್ಟ್ರೋಕಿನವರೂ ಇಷ್ಟು ನೆನಪಿಡಿ: 2ಟಿ ಪೆಟ್ರೋಲಿನ ಜೊತೆ ಉರಿದು ಹೋಗುತ್ತದೆ, ಆದರೆ ಕೆಳಗಿನ ಗೇರ್ ಆಯಿಲಿನಲ್ಲಿ ಕ್ಲಚ್ ಮುಳುಗಿಯೇ ಇರುತ್ತದೆ.

ತೋಡು ದಾಟಿದ ಮೇಲೆ ಆಯಿಲ್ ನೋಡುವ ಕಿಂಡಿಗೊಮ್ಮೆ ಬಗ್ಗಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದರ್ಥ. ಎಂಎ2 ಆಗಿರಲಿ, ಎಂಥದ್ದೇ ಆಗಿರಲಿ, ಆಗ ಚೆಲ್ಲಲೇಬೇಕು.

ನನ್ನ ಬೈಕಿಗೆ ಎರಡು ಸಲ ಆಯಿಲ್ ಬದಲಿಸಿದರೂ ಜಾರುವುದು ಪೂರ್ತಿ ನಿಲ್ಲಲಿಲ್ಲ. ಪ್ಲೇಟುಗಳ ಮೈ ಸುಟ್ಟು ಗಾಜಿನಂತೆ ಹೊಳೆಯುತ್ತಿತ್ತು, ಸೆಟ್ಟನ್ನೇ ಬದಲಿಸಬೇಕಾಯಿತು. ಕಾರಿನ ಡಬ್ಬಿಯಲ್ಲಿ ಉಳಿದದ್ದನ್ನು ಈಗ ಕಪಾತಿನ ಕತ್ತಿಗೆ ತುಕ್ಕು ಹಿಡಿಯದಂತೆ ಸವರುತ್ತೇವೆ, ಹಿಡಿಗೆ ತಾಗದಂತೆ.