ಪುಟ್ಟ ಕೃಷ್ಣನನ್ನು ಸ್ಟುಡಿಯೋಗೆ ಕರೆತರುವ ಮುಂಚೆ

ಶ್ರಾವಣ ಬಂತೆಂದರೆ ಮೈಸೂರಿನ ನನ್ನ ಸ್ಟುಡಿಯೋದಲ್ಲಿ ಕೃಷ್ಣರ ಸಾಲು. ಎಂಟು ತಿಂಗಳ ಕೃಷ್ಣ, ಎರಡು ವರ್ಷದ ಕೃಷ್ಣ, ರಾಧೆಯಾದ ಅಕ್ಕನ ಸೆರಗು ಹಿಡಿದ ಕೃಷ್ಣ. ಹೆಣ್ಣುಮಕ್ಕಳೂ ಕೃಷ್ಣನಾಗುತ್ತಾರೆ, ಎಷ್ಟು ಚೆನ್ನಾಗಿ ಕಾಣುತ್ತಾರೆ ಗೊತ್ತಾ! ಅಳುತ್ತಾ ಬಂದ ಮಗು ನಗುತ್ತಾ ಹೋಗಿದ್ದನ್ನು ನೋಡಿದ್ದೇನೆ. ನಗುತ್ತಾ ಬಂದ ಮಗು ಅಳುತ್ತಾ ಹೋಗಿದ್ದನ್ನು ಅದಕ್ಕಿಂತ ಜಾಸ್ತಿ ನೋಡಿದ್ದೇನೆ. ಅಳು ಬರುವುದು ಕ್ಯಾಮೆರಾ ಕಂಡಲ್ಲ. ಕಿರೀಟ ಚುಚ್ಚಿ, ಹೊಟ್ಟೆ ಹಸಿದು, ನಿದ್ದೆ ಕೆಟ್ಟು, ಸುತ್ತ ಐದು ಜನ ಕೂಗಿ.

ಮೊದಲು ಕಿರೀಟದ ವಿಷಯ. ಅಂಗಡಿಯಲ್ಲಿ ಸಿಗುವ ಕೃಷ್ಣನ ಸೆಟ್ಟಿನಲ್ಲಿ ಕಿರೀಟಕ್ಕೆ ತೆಳುವಾದ ಎಲಾಸ್ಟಿಕ್ ದಾರ ಇರುತ್ತದೆ. ಕೆಲವು ವರ್ಷದ ಹಿಂದೆ ಎರಡು ವರ್ಷದ ಮಗುವೊಂದು ಎಷ್ಟು ಆಡಿಸಿದರೂ ಅಳು ನಿಲ್ಲಿಸಲಿಲ್ಲ. "ಒಂದೇ ಒಂದು ಫೋಟೋ ಚಿನ್ನಾ" ಅಂತ ನಾನೂ ಬಿಡಲಿಲ್ಲ. ಕೊನೆಗೆ ಕಿರೀಟ ತೆಗೆದಾಗ ಗಲ್ಲದ ಕೆಳಗೆ ಕೆಂಪು ಗೆರೆ ಎದ್ದಿತ್ತು. ಅಷ್ಟು ಹೊತ್ತೂ ಅದು ತನಗೆ ನೋಯುತ್ತಿದೆ ಅಂತಲೇ ಹೇಳುತ್ತಿತ್ತು, ನನಗೆ ಕೇಳಿಸಲಿಲ್ಲ. ಆ ಗೆರೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಸ್ಟುಡಿಯೋಗೆ ಬಂದ ಪ್ರತಿ ಕಿರೀಟದ ದಾರ ತೆಗೆದು ಮೆತ್ತಗಿನ ಹತ್ತಿಯ ಪಟ್ಟಿ ಕಟ್ಟುತ್ತೇನೆ. ನೀವು ಮನೆಯಲ್ಲೇ ಕಟ್ಟಿ ತಂದರೆ ಇನ್ನೂ ಒಳ್ಳೆಯದು. ಒಳಗಡೆ ಚೂಪಾದ ಅಂಚಿದ್ದರೆ ಅದರ ಮೇಲೂ ಬಟ್ಟೆ ಅಂಟಿಸಿ.

ಇದೆಲ್ಲ ಒಂದು ವಾರ ಮುಂಚೆಯೇ ಆಗಲಿ. ಕಿರೀಟ, ಕೊಳಲು, ನವಿಲುಗರಿ ಎಲ್ಲವನ್ನೂ ಮಗುವಿನ ಆಟದ ಸಾಮಾನಿನ ಜೊತೆ ಬಿಟ್ಟುಬಿಡಿ. ಅದು ಕಿರೀಟವನ್ನು ಅಜ್ಜನ ತಲೆಗೆ ಇಡಲಿ, ಕೊಳಲಿನಿಂದ ತಟ್ಟೆ ಬಾರಿಸಲಿ. ಹಾಳಾಗುತ್ತೆ ಅಂತ ಬೀರುವಿನಲ್ಲಿ ಮುಚ್ಚಿಟ್ಟು ಆ ದಿನ ಬೆಳಗ್ಗೆ ಹೊರತೆಗೆದರೆ ಮಗುವಿಗೆ ಎಲ್ಲವೂ ಹೊಸದು, ಎಲ್ಲವೂ ಚುಚ್ಚುವಂಥದ್ದು. ಪಂಚೆಗೂ ಅದೇ ಮಾತು. ಜರಿ ಅಂಚು ಸೊಂಟಕ್ಕೆ ತಾಗದಂತೆ ಒಳಗೆ ಹತ್ತಿಯ ಚಡ್ಡಿ ಇರಲಿ. ಮುತ್ತಿನ ಸರದ ದಾರ ಗಟ್ಟಿ ಇದೆಯಾ ಎಂದು ಎಳೆದು ನೋಡಿ. ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ, ಮಣಿ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ನೀಲಿ ಬಣ್ಣ ಬಳಿಯುವುದು ನನಗಂತೂ ಇಷ್ಟವಿಲ್ಲ. ಬೇಕೇ ಬೇಕು ಅನ್ನುವವರು ಹಿಂದಿನ ದಿನ ಮಗುವಿನ ತೋಳಿಗೆ ಚೂರು ಹಚ್ಚಿ, ಚರ್ಮ ಕೆಂಪಾಗುತ್ತಾ ನೋಡಿ.

ಅಷ್ಟಮಿಯ ದಿನವೇ ಫೋಟೋ ಬೇಡ. ಅಂದು ಮನೆಯಲ್ಲಿ ಚಕ್ಕುಲಿ, ಕೋಡುಬಳೆ, ನೆಂಟರು. ಅಮ್ಮ ಉಪವಾಸ, ಮಗುವಿಗೆ ನಿದ್ದೆಯಿಲ್ಲ. ಎರಡು ಮೂರು ದಿನ ಮುಂಚೆ ಬನ್ನಿ. ಎಷ್ಟು ಹೊತ್ತಿಗೆ ಅನ್ನುವುದನ್ನು ಮಗುವಿನ ನಿದ್ದೆ ನೋಡಿ ಗೊತ್ತುಮಾಡಿ. ಹತ್ತು ಗಂಟೆಗೆ ಮಲಗಿ ಹನ್ನೊಂದಕ್ಕೆ ಏಳುವ ಮಗುವಾದರೆ ಹನ್ನೊಂದೂವರೆಗೆ ಬನ್ನಿ. ಹೊರಡುವ ಮುಂಚೆ ಹೊಟ್ಟೆ ತುಂಬಿರಬೇಕು. ರಾಗಿ ಸರಿ, ಇಡ್ಲಿ, ದಿನಾ ತಿನ್ನುವುದು ಏನೋ ಅದೇ.

ವಯಸ್ಸಿನ ಪ್ರಕಾರ ನನ್ನ ಕೆಲಸವೂ ಬದಲಾಗುತ್ತದೆ. ಎಂಟು ಒಂಬತ್ತು ತಿಂಗಳಿಗೆ ಮಕ್ಕಳು ಹೊಸಬರನ್ನು ಕಂಡು ಹೆದರಲು ಶುರುಮಾಡುತ್ತಾರೆ. ಅಮ್ಮನ ಮುಖ ಬೇರೆ, ಬೇರೆಯವರ ಮುಖ ಬೇರೆ ಅಂತ ಚೆನ್ನಾಗಿ ತಿಳಿದಿರುವುದರ ಗುರುತು ಅದು, ಹಟವಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ ನನ್ನ ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ನಾನು ನೆಲದ ಮೇಲೆ ಕೂತು ಅಮ್ಮನ ಜೊತೆ ಮಾತಾಡುತ್ತೇನೆ, ಮಗುವಿನ ಕಡೆ ನೋಡುವುದೂ ಇಲ್ಲ. ಸ್ವಲ್ಪ ಹೊತ್ತಿಗೆ ಅದೇ ಬಂದು ನನ್ನ ಬಳೆ ಮುಟ್ಟುತ್ತದೆ. ಆಮೇಲೆ ಕ್ಯಾಮೆರಾ ಕೊಟ್ಟು ಅದರಿಂದಲೇ ಒಂದು ಸಲ ಬಟನ್ ಒತ್ತಿಸುತ್ತೇನೆ.

ಕಾಲು ಅಡ್ಡ ಹಾಕಿ, ಕೊಳಲು ತುಟಿಗಿಟ್ಟು ನಿಲ್ಲುವ ಭಂಗಿ ಎಲ್ಲರಿಗೂ ಬೇಕು. ಮೂರು ವರ್ಷದೊಳಗಿನ ಮಗುವಿಗೆ ಒಂಟಿ ಕಾಲಲ್ಲಿ ಒಂದು ಕ್ಷಣ ನಿಲ್ಲುವುದೇ ಕಷ್ಟ. ಹಿಂದೆ ಯಾರೋ ಹಿಡಿದುಕೊಂಡಿದ್ದಾರೆ, ಮುಂದೆ ಯಾರೋ "ಕೊಳಲು ಮೇಲೆ, ಕೊಳಲು ಮೇಲೆ" ಅನ್ನುತ್ತಿದ್ದಾರೆ, ಪಾಪ ಅದೇನು ಮಾಡಬೇಕು? ನಾನು ಕೂರಿಸಿಬಿಡುತ್ತೇನೆ. ಕೊಳಲನ್ನು ಪೀಪಿ ಥರ ಊದಿದರೂ ಸರಿಯೇ, ಕೆನ್ನೆ ಉಬ್ಬಿದ ಆ ಮುಖಕ್ಕಿಂತ ಇನ್ನೇನು ಬೇಕು? ಮಡಕೆಯಲ್ಲಿ ಹತ್ತಿ ತುಂಬಬೇಡಿ, ನಿಜವಾದ ಬೆಣ್ಣೆ ಹಾಕಿ. ಬೆಣ್ಣೆಯ ರುಚಿ ಗೊತ್ತಿರುವ ಮಗುವಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ, ಕೈ ತಾನೇ ಒಳಗೆ ಹೋಗುತ್ತದೆ. ಆರು ತಿಂಗಳು ತುಂಬದ ಕೂಸಿನ ಬಾಯಿಗೆ ಮಾತ್ರ ಶಾಸ್ತ್ರಕ್ಕೂ ಬೆಣ್ಣೆ ಹಚ್ಚಬೇಡಿ.

"ನಗು ಪುಟ್ಟಾ, ನಗು" ಅನ್ನುವುದನ್ನು ದಯವಿಟ್ಟು ಬಿಡಿ. ಫ್ರಾನ್ಸಿನ ವೈದ್ಯ ಡ್ಯೂಶೆನ್ 1862ರಲ್ಲೇ ಫೋಟೋ ತೆಗೆಸಿ ತೋರಿಸಿದ್ದ: ಬಾಯಿಯನ್ನು ಬೇಕೆಂದಾಗ ಅಗಲಿಸಬಹುದು, ಆದರೆ ಕಣ್ಣಿನ ಸುತ್ತಲಿನ ಸ್ನಾಯು ಸುಲಭವಾಗಿ ಓಗೊಡುವುದು ಮನಸ್ಸಿನ ಖುಷಿಗೇ. ಹೇಳಿ ನಗಿಸಿದ ಮಗು ಹಲ್ಲು ತೋರಿಸುತ್ತದೆ, ಕಣ್ಣು ಸುಮ್ನೆ ಇರುತ್ತದೆ. "ನಗದಿದ್ರೆ ಆಂಟಿ ಬೈತಾರೆ", "ಇಂಜೆಕ್ಷನ್ ಚುಚ್ಚಿಸ್ತೀನಿ" ಅಂದರಂತೂ ಮುಗಿಯಿತು, ಆಮೇಲೆ ಆ ಮಗು ನನ್ನ ಹತ್ತಿರವೇ ಬರುವುದಿಲ್ಲ. ಚಾಕೊಲೇಟ್ ಆಸೆ ತೋರಿಸುವುದೂ ಬೇಡ. ಅದರ ಕಣ್ಣೆಲ್ಲ ನಿಮ್ಮ ಜೇಬಿನ ಮೇಲೇ ಇರುತ್ತದೆ.

ನನ್ನ ಹಿಂದೆ ನಿಲ್ಲುವವರು ಒಬ್ಬರೇ ಇರಲಿ. ಅಜ್ಜಿ ಚಪ್ಪಾಳೆ, ಮಾವ ಶಿಳ್ಳೆ, ಅಪ್ಪನ ಮೊಬೈಲ್ ಎಲ್ಲ ಒಟ್ಟಿಗೆ ಶುರುವಾದರೆ ಮಗುವಿನ ನೋಟ ಎಲ್ಲೂ ನಿಲ್ಲುವುದಿಲ್ಲ. ಮಗುವಿಗೆ ಯಾರ ಜೊತೆ ಆಟ ಜಾಸ್ತಿಯೋ ಅವರು ಒಳಗಿರಿ. ಒಂದು ಸಲ ಕೂಸುಮರಿ ಆಡಿಸಿ ಕೆಳಗಿಳಿಸಿದರೆ ಮುಖ ಅರಳಿರುತ್ತದೆ, ಆಗ ನನಗೆ ಎರಡು ಸೆಕೆಂಡ್ ಸಾಕು.

ಮನೆಯಲ್ಲೇ ತೆಗೆಯುವವರಿಗೂ ಒಂದು ಮಾತು. ಶ್ರಾವಣದ ಮೋಡ ಕವಿದ ಬೆಳಕು ಮಕ್ಕಳ ಮುಖಕ್ಕೆ ತುಂಬಾ ಹೊಂದುತ್ತದೆ, ಎಲ್ಲೂ ಗಾಢ ನೆರಳು ಬೀಳುವುದಿಲ್ಲ. ದೊಡ್ಡ ಕಿಟಕಿಯ ಪಕ್ಕ ಚಾಪೆ ಹಾಸಿ, ಟ್ಯೂಬ್‌ಲೈಟ್ ಆರಿಸಿ, ಮೊಬೈಲಿನ ಲೆನ್ಸ್ ಒರೆಸಿ, ಮಗುವಿನ ಕಣ್ಣಿನ ಮಟ್ಟಕ್ಕೆ ನೀವೂ ಕೂತುಬಿಡಿ. ನಿಂತು ತೆಗೆದರೆ ದೊಡ್ಡ ತಲೆ, ಪುಟ್ಟ ಕಾಲು ಬರುತ್ತದೆ. ಕ್ಯಾಮೆರಾ ಇದ್ದರೆ ಶಟರ್ (ಬೆಳಕು ಒಳಬಿಡಲು ತೆರೆದು ಮುಚ್ಚುವ ಪರದೆ) 1/250 ಸೆಕೆಂಡಿಗಿಂತ ನಿಧಾನ ಆಗದಿರಲಿ. ಓಡಾಡುವ ಮಗುವಿಗೆ 1/500 ಬೇಕು. ಆಗ ಬೆಳಕು ಸಾಲದೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಂಕಿ) ಏರಿ ಚಿತ್ರ ಸ್ವಲ್ಪ ಕಾಳುಕಾಳಾದರೂ ಪರವಾಗಿಲ್ಲ, ಅಲುಗಿದ ಕಣ್ಣನ್ನು ಮಾತ್ರ ಆಮೇಲೆ ಸರಿಮಾಡಲು ಆಗುವುದಿಲ್ಲ.

ನಾನು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ತೆಗೆಯುವುದಿಲ್ಲ. ಕಿರೀಟದ ಪಾಲು ಅದರಲ್ಲಿ ಐದು ನಿಮಿಷ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಡಿಸಿ, ಎಲ್ಲಕ್ಕಿಂತ ಮೊದಲು ತೆಗೆಸುತ್ತೇನೆ. ಮಗು ಬೇಡ ಅಂದರೆ ಜುಟ್ಟಿಗೆ ಒಂದು ನವಿಲುಗರಿ ಸಾಕು, ಅಲ್ವಾ? "ಆಯ್ತು, ಮುಗೀತು" ಅಂದ ಕೂಡಲೇ ಮನೆಯವರು ಸಾಮಾನು ಕಟ್ಟಲು ಶುರುಮಾಡುತ್ತಾರೆ. ಮಗು ಮಾತ್ರ ಬೆವೆತ ಕೂದಲಲ್ಲಿ, ಜಾರಿದ ಪಂಚೆಯಲ್ಲಿ ಮಡಕೆಯ ತಳ ಕೆರೆಯುತ್ತಾ ಕೂತಿರುತ್ತದೆ. ಗೋಡೆಗೆ ಹಾಕಲು ಎಷ್ಟೋ ಮನೆಯವರು ಆರಿಸಿಕೊಂಡಿದ್ದು ಆ ಹೊತ್ತಿನ ಫೋಟೋವನ್ನೇ. ಹಾಗಾಗಿ ಒದ್ದೆ ಬಟ್ಟೆ ಹಿಡಿದು ಬಾಯಿ ಒರೆಸಲು ಆಗಲೇ ಬರಬೇಡಿ. ಇನ್ನೈದು ನಿಮಿಷ ಅಲ್ಲೇ ಕೂತಿರಿ.