ಕಡತ ಮೊದಲು ಬಿಷಪ್ ಮನೆಗೆ

1951ರ ಏಪ್ರಿಲ್. ಐರ್ಲೆಂಡ್ ಪ್ರಧಾನಿ ಜಾನ್ ಎ. ಕಾಸ್ಟೆಲೊ ಸಂಸತ್ತಿನಲ್ಲಿ ಎದ್ದು ನಿಂತು, ‘ಕ್ಯಾಥೊಲಿಕ್ ಆಗಿ ನಾನು ನನ್ನ ಚರ್ಚಿನ ಅಧಿಕಾರಿಗಳ ಮಾತು ಕೇಳುತ್ತೇನೆ, ಮುಂದೆಯೂ ಕೇಳುತ್ತೇನೆ’ ಎಂದರು. ಬಾಯಿ ತಪ್ಪಿ ಬಂದ ಮಾತಲ್ಲ ಅದು.

ಜಗಳ ಶುರುವಾಗಿದ್ದು ಆರೋಗ್ಯ ಸಚಿವ ನೋಯೆಲ್ ಬ್ರೌನ್ ತಂದ ಯೋಜನೆಯಿಂದ. ಬಸುರಿ, ಬಾಣಂತಿಯರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ. ಬಡವರೋ ಸಾಹುಕಾರರೋ, ಯಾರ ಆದಾಯವನ್ನೂ ಕೇಳುವ ಹಾಗಿಲ್ಲ. ಬ್ರೌನ್ ಸ್ವತಃ ಡಾಕ್ಟರು, ಅಪ್ಪ–ಅಮ್ಮ ಇಬ್ಬರನ್ನೂ ಕ್ಷಯಕ್ಕೆ ಕಳೆದುಕೊಂಡವರು. ಆದರೆ ಬಿಷಪ್‌ಗಳು ಒಪ್ಪಲಿಲ್ಲ. ಮಕ್ಕಳ ಆರೋಗ್ಯ ಕುಟುಂಬದ ಹೊಣೆ, ಅದರಲ್ಲಿ ಸರ್ಕಾರಕ್ಕೇನು ಕೆಲಸ ಎಂದರು. ತಾಯಂದಿರಿಗೆ ತಿಳಿವಳಿಕೆ ಕೊಡುವ ನೆಪದಲ್ಲಿ ಗರ್ಭನಿರೋಧದ ಮಾತೂ ನುಸುಳೀತು ಎಂಬ ಭಯವೂ ಇತ್ತು. ಫೀಸು ಕೈತಪ್ಪುತ್ತದೆ ಅಂತ ಡಾಕ್ಟರುಗಳೂ ಅವರ ಜೊತೆ ಸೇರಿಕೊಂಡರು.

ನನಗೆ ಬೇಸರ ತರುವುದು ಬಿಷಪ್‌ಗಳ ವಿರೋಧವಲ್ಲ. ಅಭಿಪ್ರಾಯ ಹೇಳಲು ಅವರಿಗೂ ಹಕ್ಕಿದೆ, ಅಲ್ವಾ? ಜನ ಆರಿಸಿ ಕಳಿಸಿದ ಮಂತ್ರಿಗಳೇ ಅವರ ಒಪ್ಪಿಗೆಗಾಗಿ ಕಾದು ಕೂತರಲ್ಲ, ಅದು. ಬಿಷಪ್‌ಗಳು ಬೇಡ ಎಂದರು, ಸಂಪುಟ ಯೋಜನೆ ಕೈಬಿಟ್ಟಿತು. ರಾಜೀನಾಮೆ ಕೊಡು ಎಂದು ಬ್ರೌನ್‌ಗೆ ಹೇಳಿದ್ದು ಅವರದೇ ಪಕ್ಷದ ನಾಯಕ. ಬ್ರೌನ್ ಸುಮ್ನೆ ಹೋಗಲಿಲ್ಲ. ಗುಟ್ಟಾಗಿ ನಡೆದ ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗೆ ಕೊಟ್ಟರು. ಬಿಷಪ್ ಮನೆಯ ಮಾತು ಬೀದಿಗೆ ಬಂತು. ಸ್ವಲ್ಪ ದಿನಕ್ಕೇ ಸರ್ಕಾರವೂ ಹೋಯಿತು.

ಚರ್ಚಿಗೆ ಸಂವಿಧಾನದಲ್ಲಿದ್ದ ವಿಶೇಷ ಸ್ಥಾನವನ್ನು 1972ರ ಜನಮತಗಣನೆ ತೆಗೆದುಹಾಕಿತು. ಹಿಡಿತ ಮಾತ್ರ ಅಷ್ಟು ಬೇಗ ಸಡಿಲವಾಗಲಿಲ್ಲ. 1983ರಲ್ಲಿ ಜನರೇ ಮತ ಹಾಕಿ ಗರ್ಭಪಾತದ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಿದರು. ಆಮೇಲೆ ಬಂದ ರಾಜಕಾರಣಿಗಳು ವರ್ಷಗಟ್ಟಲೆ ಅದನ್ನು ತೆಗೆದುಹಾಕುವ ತಂಟೆಗೇ ಹೋಗಲಿಲ್ಲ.

2012ರ ಅಕ್ಟೋಬರ್‌ನಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ತೀರಿಕೊಂಡರು. ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾಗಿ ಗರ್ಭಪಾತ ಕೇಳಿದ್ದರು. ಸಿಗಲಿಲ್ಲ. ಸೋಂಕು ರಕ್ತಕ್ಕೇರಿತು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತು ಆ ವಾರ್ಡಿನಲ್ಲಿ ಬಂದಿತ್ತು ಎಂದು ವಿಚಾರಣೆಯಲ್ಲಿ ಸೂಲಗಿತ್ತಿಯೊಬ್ಬರು ಒಪ್ಪಿಕೊಂಡರು.

ಮರುವರ್ಷ ತಾಯಿಯ ಜೀವ ಉಳಿಸಲು ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆ ಬಂತು. ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ, ತಾನು ಕ್ಯಾಥೊಲಿಕ್ ಹೌದು, ಆದರೆ ಕ್ಯಾಥೊಲಿಕ್ ಪ್ರಧಾನಿಯಲ್ಲ ಎಂದರು. ಕಾಸ್ಟೆಲೊ ಅವರದೇ ಪಕ್ಷದವರು ಈ ಕೆನಿ! ತಮಾಷೆ ಎಂದರೆ, ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ಮಸೂದೆಯ ವಿರುದ್ಧ ಮತ ಹಾಕಿದ ತಮ್ಮದೇ ಸಂಸದರನ್ನು ಪಕ್ಷ ಹೊರಗಿಟ್ಟಿತು. 2018ರಲ್ಲಿ ನಿಷೇಧವನ್ನೇ ತೆಗೆಯುವ ಜನಮತಗಣನೆ ಬಂದಾಗ, ದೊಡ್ಡ ಪಕ್ಷಗಳೆರಡೂ ತಮ್ಮವರಿಗೆ ನಿಮ್ಮಿಷ್ಟ ಎಂದುಬಿಟ್ಟವು. ಶೇ 66.4ರಷ್ಟು ಜನ ತೆಗೆಯಿರಿ ಎಂದರು.