ಗವರ್ನರ್ ಏಕನ್ ಮನೆಯ ಹಿತ್ತಲು

ಹಳೆಯ ಕಟ್ಟಡಗಳ ಸಂರಕ್ಷಣೆಯನ್ನೇ ಕಸುಬಾಗಿಸಿಕೊಂಡವರಿಗೆ ಸಿರಿವಂತರ ಮನೆಯನ್ನು ಹಿತ್ತಲಿನ ಕಡೆಯಿಂದ ನೋಡುವ ಅಭ್ಯಾಸ ತಾನಾಗಿ ಬಂದುಬಿಡುತ್ತದೆ. ಅಮೆರಿಕದ ದಕ್ಷಿಣ ಕೆರೊಲಿನಾದ ವಿಲಿಯಂ ಏಕನ್ (1806–1887) 1844ರಿಂದ ಎರಡು ವರ್ಷ ಆ ರಾಜ್ಯದ ಗವರ್ನರ್ ಆಗಿದ್ದ, 1851ರಿಂದ 1857ರವರೆಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯನಾಗಿದ್ದ. ಆ ಹುದ್ದೆಗಳ ಹಿಂದಿದ್ದ ಹಣದ ಮೂಲವನ್ನು ತಿಳಿಯಬೇಕಾದರೆ ಚಾರ್ಲ್ಸ್‌ಟನ್ ನಗರದ ಎಲಿಜಬೆತ್ ಬೀದಿಯಲ್ಲಿರುವ ಅವನ ಮನೆಯ ಮುಂಬಾಗಿಲಲ್ಲಿ ನಿಂತರೆ ಸಾಲದು.

ಮೊದಲ ಬಂಡವಾಳ ತಂದೆಯದು. ಐರ್ಲೆಂಡಿನಿಂದ ಬಂದು ಹತ್ತಿ ವ್ಯಾಪಾರದಲ್ಲಿ ಗಳಿಸಿದ ಹಿರಿಯ ವಿಲಿಯಂ ಏಕನ್, ಚಾರ್ಲ್ಸ್‌ಟನ್‌ನಿಂದ ಅದೇ ರಾಜ್ಯದ ಹ್ಯಾಂಬರ್ಗ್‌ವರೆಗೆ 136 ಮೈಲಿ ಹಳಿ ಹಾಕಿದ ರೈಲು ಕಂಪನಿಯ ಮೊದಲ ಅಧ್ಯಕ್ಷ. ರೈಲಿನ ಮೇಲೆ ಪಣವೊಡ್ಡಿದ ಈ ಮನುಷ್ಯ 1831ರಲ್ಲಿ ಸತ್ತದ್ದು ಕುದುರೆ ಗಾಡಿಯ ಅಪಘಾತದಲ್ಲಿ. ಅವನ ಆಸ್ತಿಯ ದೊಡ್ಡ ಪಾಲು ಮಗನಿಗೆ ಬಂತು.

ಮಗ ಅದನ್ನು ಬತ್ತಕ್ಕೆ ತಿರುಗಿಸಿದ. ಚಾರ್ಲ್ಸ್‌ಟನ್‌ಗೆ ನೈಋತ್ಯದಲ್ಲಿ, ಎಡಿಸ್ಟೋ ನದಿಯ ಕೆಳಹರಿವಿನಲ್ಲಿರುವ ಜೆಹೊಸಿ ದ್ವೀಪ ಅವನ ತೋಟವಾಯಿತು. ಅಲ್ಲಿನ ಬೇಸಾಯ ನಿಂತಿದ್ದುದು ಉಬ್ಬರವಿಳಿತದ ಮೇಲೆ: ಸಮುದ್ರ ಉಬ್ಬಿದಾಗ ನದಿಯ ಸಿಹಿನೀರು ಹಿಂದಕ್ಕೆ ಒತ್ತಿ ಮೇಲೇರುತ್ತದೆ, ಆಗ ಒಡ್ಡಿನಲ್ಲಿ ಕೂರಿಸಿದ ಮರದ ತೂಬನ್ನು ತೆರೆದು ಗದ್ದೆಗೆ ನೀರು ತುಂಬಿಸಿ, ಇಳಿತದ ಹೊತ್ತಿಗೆ ಅದೇ ತೂಬಿನಿಂದ ಬಸಿಯಲು ಬಿಡುತ್ತಿದ್ದರು. ಲೆಕ್ಕ ತಪ್ಪಿದರೆ ಉಪ್ಪುನೀರು ನುಗ್ಗಿ ಪೈರು ಸುಟ್ಟುಹೋಗುತ್ತಿತ್ತು. ಜೌಗು ಕಾಡು ಕಡಿದು, ಕೆಸರಿನಲ್ಲಿ ನಿಂತು ಆ ಒಡ್ಡುಗಳನ್ನು ಕಟ್ಟಿ ಕಾಪಾಡಿದವರು ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನ. ಅವರಲ್ಲಿ ಅನೇಕರ ಪೂರ್ವಜರು ಪಶ್ಚಿಮ ಆಫ್ರಿಕಾದ ಬತ್ತದ ನಾಡಿನವರು. 1860ರ ಹೊತ್ತಿಗೆ ಜೆಹೊಸಿಯಲ್ಲಿ ಸುಮಾರು 700 ಮಂದಿ ಏಕನ್‌ನ ಸೊತ್ತೆಂದು ದಾಖಲಾಗಿದ್ದರು. ಮಲೇರಿಯಾದ ಭಯದಿಂದ ಬೇಸಿಗೆ ಶುರುವಾಗುತ್ತಲೇ ತೋಟ ಬಿಟ್ಟು ನಗರ ಸೇರುವುದು ಅಲ್ಲಿನ ಒಡೆಯರ ವಾಡಿಕೆಯಾಗಿತ್ತು, ದುಡಿಯುವವರು ಮಾತ್ರ ಅಲ್ಲೇ ಉಳಿಯುತ್ತಿದ್ದರು. ಚಾರ್ಲ್ಸ್‌ಟನ್‌ನ ಭವ್ಯ ಮನೆಗಳಲ್ಲಿ ಎಷ್ಟೋ ಈ ವಾಡಿಕೆಯ ಫಲ.

1820ರ ಸುಮಾರಿಗೆ ಒಬ್ಬ ವರ್ತಕ ಕಟ್ಟಿಸಿದ್ದ ಎಲಿಜಬೆತ್ ಬೀದಿಯ ಮನೆಯನ್ನು ಏಕನ್ ಮತ್ತು ಹೆಂಡತಿ ಹ್ಯಾರಿಯೆಟ್ ಲೌಂಡ್ಸ್ 1830ರ ದಶಕದಲ್ಲಿ ಹಿಗ್ಗಿಸಿದರು. ಯುರೋಪ್ ಪ್ರವಾಸ ಮುಗಿಸಿ ಬಂದ ಮೇಲೆ ಕಲಾಕೃತಿಗಳಿಗೆಂದೇ ಒಂದು ಗ್ಯಾಲರಿಯನ್ನೂ ಸೇರಿಸಿದರು. ನನ್ನ ಕಣ್ಣಿಗೆ ಆ ಗ್ಯಾಲರಿಗಿಂತ ಹಿತ್ತಲೇ ಹೆಚ್ಚು ಮುಖ್ಯ. ಎತ್ತರದ ಗೋಡೆಯೊಳಗೆ ಎದುರುಬದುರಾಗಿ ಎರಡು ಉದ್ದನೆಯ ಇಟ್ಟಿಗೆ ಕಟ್ಟಡಗಳು: ಒಂದರ ಕೆಳಗೆ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕೋಣೆ, ಇನ್ನೊಂದರ ಕೆಳಗೆ ಕುದುರೆ ಲಾಯ, ಮಹಡಿಯಲ್ಲಿ ಮನೆಯ ಗುಲಾಮರು ಮಲಗುತ್ತಿದ್ದ ಸಾಲು ಕೋಣೆಗಳು. ಡೋರ್ಕಸ್ ಮತ್ತು ಸ್ಯಾಂಬೊ ರಿಚರ್ಡ್‌ಸನ್ ದಂಪತಿಯಂಥ ಕೆಲವರ ಹೆಸರುಗಳು ಉಳಿದುಬಂದಿವೆ.

ರಾಜಕಾರಣದಲ್ಲಿ ಏಕನ್‌ನನ್ನು ಸೌಮ್ಯನೆಂದು ಕರೆಯುವುದುಂಟು, ಏಕೆಂದರೆ ಅವನು ಅಮೆರಿಕದ ಒಕ್ಕೂಟದಿಂದ ತನ್ನ ರಾಜ್ಯ ಸಿಡಿದುಹೋಗುವುದನ್ನು ವಿರೋಧಿಸಿದ್ದ. ಆದರೆ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸ್ಪೀಕರ್ ಸ್ಥಾನಕ್ಕೆ ಎರಡು ತಿಂಗಳು ನಡೆದ ಜಗ್ಗಾಟದ ಕೊನೆಗೆ, 1856ರ ಫೆಬ್ರವರಿ 2ರ 133ನೆಯ ಮತದಾನದಲ್ಲಿ, ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ನಥಾನಿಯಲ್ ಬ್ಯಾಂಕ್ಸ್‌ಗೆ 103, ದಕ್ಷಿಣದವರ ಅಭ್ಯರ್ಥಿ ಏಕನ್‌ಗೆ 100 ಮತ ಬಿದ್ದವು. ಅಂತರ್ಯುದ್ಧದ ನಡುವೆ, 1863ರಲ್ಲಿ, ಒಕ್ಕೂಟದಿಂದ ಸಿಡಿದುಹೋಗಿದ್ದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಉಳಿದುಕೊಂಡದ್ದೂ ಇದೇ ಮನೆಯಲ್ಲಿ. ಹೀಗಿರುವಾಗ ಆ ಸೌಮ್ಯತೆ ಒಕ್ಕೂಟದ ಪ್ರಶ್ನೆಯನ್ನು ದಾಟಿ ಜೆಹೊಸಿಯ ಗದ್ದೆಗಳವರೆಗೆ ಹೋಗಲಿಲ್ಲ ಎಂದೇ ನಾನು ತಿಳಿಯುತ್ತೇನೆ.

1975ರವರೆಗೂ ಮನೆ ವಂಶಸ್ಥರ ಕೈಯಲ್ಲಿತ್ತು. 1995ರಲ್ಲಿ ಅದನ್ನು ಕೊಂಡ ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಶನ್ ಹೊಸ ಬಣ್ಣ ಬಳಿದು ಮೆರುಗು ಕೊಡುವ ಬದಲು, ಸಿಕ್ಕ ಸ್ಥಿತಿಯಲ್ಲೇ ಭದ್ರಪಡಿಸುವ ದಾರಿ ಹಿಡಿಯಿತು. ಹಾಗಾಗಿ ಮುಖ್ಯ ಮನೆಯಲ್ಲಿ ಹರಿದ ಗೋಡೆಕಾಗದವೂ ಸುಲಿದ ಬಣ್ಣವೂ ಹಾಗೇ ಇವೆ. ನವೀಕರಣದ ಉತ್ಸಾಹದಲ್ಲಿ ಮೊದಲು ನೆಲಸಮವಾಗುವುದು ಹಿತ್ತಲಿನ ಹೊರಮನೆಗಳೇ. ಇಲ್ಲಿ ಅವು ಮಹಡಿಯ ಕೋಣೆಗಳ ಸಮೇತ ಉಳಿದಿವೆ.